ಹಾಯಗಡದಲ್ಲಿ ಕೇಳಿದ ಮಾತು

ನ್ಯಾಯಸ್ಥಾಪಕರ ಗ್ರಂಥದ 12ನೆಯ ಅಧ್ಯಾಯವನ್ನು ಯುದ್ಧಕಥೆಯೆಂದು ಓದಿ ಮುಂದೆ ಸಾಗುತ್ತೇವೆ. ಅದು ಹೊಳೆ ದಾಟಲು ಅಪ್ಪಣೆ ಬೇಡಿದ ಪ್ರಯಾಣಿಕರ ಕಥೆಯೂ ಹೌದು. ಜೋರ್ಡನಿನ ಹಾಯಗಡದಲ್ಲಿ, ತೆನೆ ಎಂಬರ್ಥದ 'ಷಿಬ್ಬೋಲೆತ್' ಪದವನ್ನು ಎಫ್ರಯಿಮ್ಯರು 'ಸಿಬ್ಬೋಲೆತ್' ಎಂದರು. ಒಂದಕ್ಷರಕ್ಕೆ ತಲೆ ಹೋಯಿತು. ಗ್ರಂಥಕರ್ತನು ಗಿಲ್ಯಾದ್ಯರನ್ನು ಹೊಗಳುವುದಿಲ್ಲ, ತೆಗಳುವುದೂ ಇಲ್ಲ. ಮಡಿದವರು 42,000 ಎಂದು ಬರೆದು ಸುಮ್ಮನಾಗುತ್ತಾನೆ. ಈ ಮೌನವನ್ನು ಸಮ್ಮತಿಯೆಂದು ಓದುವುದು ತಪ್ಪು. ಕೊಂದವರೂ ಮಡಿದವರೂ ಇಸ್ರಯೇಲರೇ.

ಬೆಂಗಳೂರಿನಲ್ಲಿ ಮೊಬೈಲಿನಿಂದ ಕರೆದ ಆಟೋದ ಚಾಲಕ, ಪ್ರಯಾಣಿಕನ ನುಡಿ ಕೇಳಿದೊಡನೆ ಸವಾರಿ ರದ್ದುಮಾಡಿದಾಗ ಆ ಹಾಯಗಡ ನೆನಪಾಗುತ್ತದೆ. ತನ್ನ ನೆಲದಲ್ಲಿ ಕನ್ನಡಕ್ಕೆ ಮರ್ಯಾದೆ ಬೇಕೆಂಬ ಚಾಲಕನ ನೋವು ಸುಳ್ಳಲ್ಲ; ಅವನನ್ನು ಹಿಂದಿಯಲ್ಲಿ ಗದರಿಸುವವರೂ ಉಂಟು. ಆದರೂ ಸಕಾರಣವಿಲ್ಲದೆ ಬಾಡಿಗೆಗೆ ಒಲ್ಲೆನೆನ್ನುವುದು 1988ರ ಮೋಟಾರು ವಾಹನ ಕಾಯ್ದೆಯಂತೆ ಅಪರಾಧ. ವಾಹನದ ಸಂಖ್ಯೆ, ವೇಳೆ ಬರೆದಿಟ್ಟು ಸಾರಿಗೆ ಇಲಾಖೆಗೆ ದೂರು ಕೊಡಬಹುದು.