ಊರು, ಕೇರಿ ಮತ್ತು ಮರಳಿನ ಗುಡ್ಡೆ

ಲೇಖಕರ ಬಾಲ್ಯವನ್ನು ಕುರಿತು ಬರೆಯುವಾಗ ನಮ್ಮ ವಿಮರ್ಶಕರು ಬೆಟ್ಟ, ಹೊಳೆ, ಕಾಡುಗಳನ್ನು ಎಣಿಸಿ, ಇವೆಲ್ಲ ಸೇರಿ ಆ ಮನಸ್ಸನ್ನು ರೂಪಿಸಿದುವು ಎಂದು ಮಾತು ಮುಗಿಸಿಬಿಡುವುದುಂಟು. ನಾನೂ ಹಾಗೆ ಬರೆದವನೇ. ಈಚೆಗೆ ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ (1980), ಸಿದ್ಧಲಿಂಗಯ್ಯನವರ ‘ಊರುಕೇರಿ’ ಎರಡನ್ನೂ ಒಟ್ಟಿಗಿಟ್ಟುಕೊಂಡು ಓದಿದ ಮೇಲೆ ಆ ಮಾತು ಸಾಲದೆಂದು ತೋರಿತು.

ಕುವೆಂಪು ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ದೊಡ್ಡ ಮನೆ, ಅದರ ಹಿಂದೆಯೇ ಗುಡ್ಡ, ಕಾಡು. ಆ ಅಂಗಳದಿಂದ ಹೊರಟ ಹುಡುಗನಿಗೆ ಕಾಡೂ ಮನೆಯ ಮುಂದುವರಿಕೆಯೇ. ಆ ಸಲಿಗೆಯಿಂದಲೇ ಅವರ ವರ್ಣನೆಗೆ ಅಷ್ಟು ವಿರಾಮ ದೊರಕಿದೆ. ಅದೇ ಮಲೆ ಎಲ್ಲರಿಗೂ ಒಂದೇ ಅಲ್ಲವೆಂಬುದನ್ನು ‘ಮಲೆಗಳಲ್ಲಿ ಮದುಮಗಳು’ (1967) ಬರೆದ ಅವರು ಬಲ್ಲರು. ನಾಯಿಗುತ್ತಿ ನಡೆಯುವ ಕಾಡೇ ಬೇರೆ.

ಸಿದ್ಧಲಿಂಗಯ್ಯ (1954–2021) ಹುಟ್ಟಿದ್ದು ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ. ಅಲ್ಲಿಯೂ ಬೆಟ್ಟ, ಹೊಲಗಳಿಗೆ ಕೊರತೆಯಿಲ್ಲ. ಆದರೆ ಅವರು ಕಾಣಿಸುವ ಹೊಲವನ್ನು ನೋಡಿ: ಇಬ್ಬರು ನೊಗ ಹೊತ್ತಿದ್ದಾರೆ, ಮೂರನೆಯವನು ಹಿಂದಿನಿಂದ ಉಳುತ್ತಿದ್ದಾನೆ. ಮಗುವಿಗೆ ಅದು ತಮಾಷೆ. ನೊಗ ಹೊತ್ತವರಲ್ಲಿ ಒಬ್ಬ ತನ್ನ ತಂದೆಯೆಂದು ತಿಳಿದಾಗ ಒಳಗೆ ಏನೋ ಸಂಕಟ. ಇಲ್ಲಿ ಪ್ರಕೃತಿವರ್ಣನೆ ಕಡಮೆ, ಮನುಷ್ಯರೇ ಹೆಚ್ಚು. ಇದನ್ನು ಬರವಣಿಗೆಯ ಕೊರತೆಯೆಂದು ತಿಳಿಯಬಾರದು. ಆ ಮಗುವಿನ ಕಣ್ಣಿಗೆ ಮೊದಲು ಬಿದ್ದ ಭೂಗೋಳವೇ ಊರಿಗೂ ಕೇರಿಗೂ ನಡುವಿನ ಗೆರೆ.

ಇಷ್ಟು ಬರೆದು ತಲೆಯೆತ್ತಿದರೆ ನನ್ನ ಮುಂದೆಯೇ ಒಂದು ಗೆರೆ. ತುಮಕೂರಿನ ಮರಳೂರಿನಲ್ಲಿ ನಮ್ಮ ಎದುರಿಗೆ ಹೊಸ ಮನೆ ಏಳುತ್ತಿದೆ. ಬೀದಿಯಲ್ಲಿ ಮರಳಿನ ಗುಡ್ಡೆ. ಗಾರೆ ಕೆಲಸದವರ ಮಗಳು, ನಾಲ್ಕು ವರ್ಷದವಳಿರಬೇಕು, ದಿನವೆಲ್ಲ ಅದರಲ್ಲಿ ಕಾಲು ಹೂತು ಗುಬ್ಬಿಗೂಡು ಕಟ್ಟುತ್ತಾಳೆ. ಅದೇ ವಯಸ್ಸಿನ ನನ್ನ ಮೊಮ್ಮಗ ಗೇಟಿನ ಸರಳು ಹಿಡಿದು ನೋಡುತ್ತಾನೆ. “ತಾತ, ನಾನೂ ಹೋಗಲಾ?” ಎಂದ. “ಕೊಳೆ ಕಣೋ, ಬೇಡ” ಎಂದೆ. ಬಾಯಲ್ಲಿ ಬಂದದ್ದು ಕೊಳೆ. ಮನಸ್ಸಿನಲ್ಲಿದ್ದುದು ಅಷ್ಟೇ ಅಲ್ಲವೆಂದು ಓದುಗರ ಮುಂದೆ ಒಪ್ಪಿಕೊಳ್ಳಬೇಕು.

ಆ ಹುಡುಗಿಯ ಬಾಲ್ಯ ಸೊಗಸಾದದ್ದೆಂದು ನಾನು ಹೇಳುತ್ತಿಲ್ಲ. ಅವಳ ತಾಯಿ ಬಾಂಡ್ಲಿ ಹೊರಲೇಬೇಕು, ಮಗು ಬಿಸಿಲಿನಲ್ಲಿ ಕೂರಲೇಬೇಕು. ಮನೆ ಮುಗಿದ ದಿನ ಅವರಿಗೆ ಇಲ್ಲಿ ಜಾಗವಿಲ್ಲ. ಆದರೂ ಒಂದೇ ಗುಡ್ಡೆಯಿಂದ ಎರಡು ಮಕ್ಕಳು ಎರಡು ಪಾಠ ಕಲಿಯುತ್ತಿದ್ದಾರೆ, ಅವುಗಳಲ್ಲಿ ಒಂದನ್ನು ಕಲಿಸಿದವನು ನಾನು.

ಬಾಲ್ಯದ ಪುಸ್ತಕವೊಂದನ್ನು ಓದುವಾಗ ಆ ಊರಿನಲ್ಲಿ ಏನೇನಿತ್ತು ಎಂದು ಕೇಳಿದರೆ ಅರ್ಧ ಕೇಳಿದಂತೆ. ಆ ಮಗುವನ್ನು ಎಲ್ಲಿಯವರೆಗೆ ನಡೆಯಗೊಟ್ಟರು, ತಡೆದವರು ಯಾರು ಎಂದೂ ಕೇಳಬೇಕು. ಸದ್ಯಕ್ಕೆ ನಾನು ಎದ್ದು ಗೇಟು ತೆಗೆಯುವವನಿದ್ದೇನೆ.