ಚಿತ್ರ ಕಂಡು ಬರೆದ ಕಥೆ

ಒಬ್ಬಾತನ ಸ್ವಭಾವವನ್ನು ಅರಿಯಲು ಅವನನ್ನೇ ನೇರವಾಗಿ ಕೇಳಿದರೆ, ತನಗೆ ಶೋಭಿಸುವುದನ್ನೇ ಹೇಳಿಯಾನು. ಆದುದರಿಂದ ಬಳಸುದಾರಿಯಿಂದ ಕೇಳಬೇಕೆಂಬುದು ಮನಃಶಾಸ್ತ್ರಜ್ಞರಲ್ಲಿ ಒಂದು ಪಂಗಡದವರ ಮತ. ಸ್ವಿಟ್ಜರ್ಲೆಂಡಿನ ರೋರ್ಶಾಕ್ ಎಂಬ ವೈದ್ಯರು 1921ರಲ್ಲಿ 10 ಮಸಿಕಲೆಗಳ ಪರೀಕ್ಷೆಯನ್ನು ಪ್ರಕಟಿಸಿದರು. ಹಾರ್ವರ್ಡಿನ ಮಾರ್ಗನ್, ಮರೆ ಎಂಬವರು 1935ರಲ್ಲಿ ಚಿತ್ರಗಳನ್ನು ತೋರಿಸಿ ಕಥೆ ಹೇಳಿಸುವ ಕ್ರಮವನ್ನು ಮುಂದಿಟ್ಟರು. ಕಥಾನಾಯಕನ ಆಸೆ, ಅಳುಕುಗಳು ಹೇಳುವವನವೇ ಎಂಬುದು ಇದರ ಬುನಾದಿ.

ಇದು ನಮಗೆ ದೂರದ ಮಾತಲ್ಲ. ಪುತ್ತೂರು, ಸುಳ್ಯ, ಕಡಬಗಳ ತರುಣನು ಸೈನ್ಯದಲ್ಲಿ ಅಧಿಕಾರಿಯಾಗಬಯಸಿ ಬೆಂಗಳೂರಿನ ಆಯ್ಕೆ ಕೇಂದ್ರಕ್ಕೆ ಹೋದರೆ, ಬಹುಕಾಲದಿಂದ ನಡೆದುಬಂದ ಕ್ರಮದಂತೆ, ಚಿತ್ರವೊಂದನ್ನು 30 ಸೆಕೆಂಡು ನೋಡಿ 4 ನಿಮಿಷದಲ್ಲಿ ಕಥೆ ಬರೆಯಬೇಕು. 12ನೆಯದು ಬರಿಯ ಬಿಳಿಯ ಪಟ. ಗುಂಪಿನ ಕೆಲಸ, ಸಂದರ್ಶನಗಳೂ ಉಂಟೆಂಬುದು ನಿಜ. ಆದರೂ ಕಥೆಯನ್ನೋದಿ ಕರ್ತೃವನ್ನು ಅಳೆಯುವುದು ವಿಮರ್ಶೆಯ ಕಾರ್ಯವೇ ಅಲ್ಲವೆ? ಆದುದರಿಂದ ಸಾಹಿತ್ಯಪತ್ರಿಕೆಯೊಂದು ಇದನ್ನು ಕುರಿತು ಎರಡು ಮಾತಾಡುವುದು ಅಧಿಕಪ್ರಸಂಗವಾಗಲಾರದು.

ಕೃತಿಯಿಂದ ಕರ್ತೃವನ್ನು ಊಹಿಸುವ ಚಪಲ ವಿಮರ್ಶಕರಾದ ನಮಗೂ ಉಂಟು. ಅದರ ಅಪಾಯವನ್ನು ಬಲ್ಲವರೂ ನಾವೇ. ನಮ್ಮ ತಾಳಮದ್ದಳೆಯ ಕೂಟವನ್ನೇ ನೋಡಿರಿ. ಭಾಗವತರು ಹಾಡುವ ಪದ್ಯ ಮೊದಲೇ ಗೊತ್ತಿದ್ದುದು; ಮಾತು ಮಾತ್ರ ಬರೆದಿಟ್ಟುದಲ್ಲ. ಅರ್ಥಧಾರಿಯು ಅದನ್ನು ಆ ಕ್ಷಣದಲ್ಲಿ ತನ್ನೊಳಗಿಂದಲೇ ತೆಗೆಯಬೇಕು. ಮನಸ್ಸು ಹೊರಬೀಳಲು ಇದಕ್ಕಿಂತ ಒಳ್ಳೆಯ ಪಟ ಬೇಕೆ? ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ, ರಾವಣನಾಗಿ, ಮಾಗಧನಾಗಿ ಗರ್ಜಿಸಿದುದರಿಂದ ಅವರನ್ನೇ ದುರಹಂಕಾರಿಯೆಂದು ತೀರ್ಮಾನಿಸುವುದು ಯಾವ ರಸಿಕತನ? ಆ ಮಾತಿನಲ್ಲಿ ಪಾತ್ರದ ಪಾಲೆಷ್ಟು, ಪುರಾಣಪರಿಚಯದ ಪಾಲೆಷ್ಟು, ಎದುರಾಳಿ ಎಸೆದ ಪ್ರಶ್ನೆಯ ಪಾಲೆಷ್ಟು ಎಂದು ಬೇರ್ಪಡಿಸದೆ, ಉಳಿದುದು ಶೇಣಿಯವರದೆಂದು ಹೇಳುವುದೆಂತು? ವ್ಯಕ್ತಿಯ ಪಾಲು ಇಲ್ಲವೇ ಇಲ್ಲವೆನ್ನಲಾರೆ. ಹತ್ತಾರು ಕೂಟಗಳಲ್ಲಿ ಒಬ್ಬ ಅರ್ಥಧಾರಿಯನ್ನು ಕೇಳಿದವನಿಗೆ, ಪಾತ್ರ ಯಾವುದಾದರೂ ಮರಳಿ ಬರುವ ಒಂದು ಜಾಡು ಗೋಚರಿಸುತ್ತದೆ. ಒಂದು ರಾತ್ರಿಯ ಕೇಳಿಕೆಗೆ ಅದು ಸಿಕ್ಕದು. ಹನ್ನೆರಡು ಕಥೆಗಳಿಗೆ ಸಿಕ್ಕೀತೆ?

ಶಾಸ್ತ್ರಜ್ಞರಲ್ಲಿಯೂ ಈ ಸಂದೇಹ ಹಳೆಯದು. ಲಿಲಿಯೆನ್‌ಫೆಲ್ಡ್, ವುಡ್, ಗಾರ್ಬ್ ಎಂಬ ಮೂವರು 2000ರಲ್ಲಿ ಇಂಥ ಪರೀಕ್ಷೆಗಳನ್ನು ಕುರಿತ ಸಂಶೋಧನೆಗಳನ್ನು ಒಟ್ಟಾಗಿ ಪರಿಶೀಲಿಸಿ, ಕೆಲವೇ ಅಂಶಗಳಿಗೆ ತಕ್ಕ ಆಧಾರವುಂಟು, ಹೆಚ್ಚಿನವಕ್ಕೆ ಇಲ್ಲವೆಂದರು. ಪರೀಕ್ಷೆಯನ್ನು ಪೂರ್ತಿಯಾಗಿ ತಳ್ಳಿಹಾಕಲಿಲ್ಲವೆಂಬುದನ್ನೂ ಗಮನಿಸಬೇಕು.

ಇದರ ಮೇಲೆ ತರಬೇತಿಯ ಕಾಟ ಬೇರೆ. ಎಂಥ ಕಥೆ ಬರೆಯಬೇಕೆಂದು ಕಲಿಸುವ ಪುಸ್ತಕಗಳೂ ತರಗತಿಗಳೂ ಹೇರಳವಾಗಿವೆ. ಊರಿಗೆ ನೆರೆ ಬರುತ್ತದೆ, ನಾಯಕನು ಯುವಕರನ್ನು ಕೂಡಿಸುತ್ತಾನೆ, ದೋಣಿ ತರಿಸುತ್ತಾನೆ, ಎಲ್ಲರೂ ಬದುಕುತ್ತಾರೆ. ಬಳಸುದಾರಿಯೇ ಹೀಗೆ ರಾಜಮಾರ್ಗವಾದ ಮೇಲೆ ಅದರಲ್ಲಿ ಗುಟ್ಟೇನು ಉಳಿಯಿತು? ನನ್ನನ್ನು ಹೆಚ್ಚಾಗಿ ಬಾಧಿಸುವುದು ಇನ್ನೊಬ್ಬನ ಗತಿ. ಕುಮಾರಧಾರೆಯ ನೆರೆಯನ್ನು ಕಣ್ಣಾರೆ ಕಂಡು, ನೆರೆಮನೆಯವರನ್ನು ದಡ ಸೇರಿಸಿದ ಹುಡುಗನು ಅದನ್ನೇ ಆ ನಾಲ್ಕು ನಿಮಿಷಗಳಲ್ಲಿ ಬರೆದನೆನ್ನೋಣ. ಓದುವವರ ಮೇಜಿನ ಮೇಲೆ ಅವನ ಹಾಳೆ ಮತ್ತೊಂದು ಬಾಯಿಪಾಠವಾಗಿಯೇ ಬೀಳುತ್ತದೆ.