ಹೆಪ್ಪು ಹಾಕದೆ ಉಬ್ಬುವ ಹಿಟ್ಟು

ಇಡ್ಲಿಹಿಟ್ಟಿಗೆ ಯಾರೂ ಹೆಪ್ಪು ಹಾಕುವುದಿಲ್ಲ. ಆದರೂ ರಾತ್ರಿ ರುಬ್ಬಿಟ್ಟದ್ದು ಬೆಳಗಾಗುವಷ್ಟರಲ್ಲಿ ಪಾತ್ರೆಯ ಕಂಠಕ್ಕೆ ಬಂದಿರುತ್ತದೆ. ಅದನ್ನು ಉಬ್ಬಿಸುವ ಬ್ಯಾಕ್ಟೀರಿಯಾಗಳು ಅಕ್ಕಿ, ಉದ್ದಿನಬೇಳೆಗಳ ಜೊತೆಗೇ ಬಂದವು.

ಮುಖರ್ಜಿ, ಸ್ಟೈನ್‌ಕ್ರೌಸ್ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಮುಖ್ಯ ಕೆಲಸಗಾರನನ್ನು ಗುರುತಿಸಿತು: ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್. ಹುಳಿ ತರುವುದೂ ಅದೇ, ಅನಿಲ ಬಿಟ್ಟು ಹಿಟ್ಟನ್ನು ಎಬ್ಬಿಸುವುದೂ ಅದೇ. ಬ್ರೆಡ್ಡಿಗೆ ಬೇಕಾದ ಯೀಸ್ಟಿನ ಹಂಗು ಇಲ್ಲಿಲ್ಲ. ಹುಳಿ ಏರಿದಂತೆ ಅದನ್ನು ತಾಳಿಕೊಳ್ಳಬಲ್ಲ ಬೇರೆ ಬ್ಯಾಕ್ಟೀರಿಯಾಗಳು ಕೆಲಸ ಮುಂದುವರಿಸುತ್ತವೆ. ಉದ್ದಿನ ಲೋಳೆ ಆ ಗುಳ್ಳೆಗಳನ್ನು ಒಡೆಯಗೊಡದೆ ಹಿಡಿದಿಡುತ್ತದೆ. ಇಡ್ಲಿಯ ಮೆದು ಹುಟ್ಟುವುದು ಈ ಕೂಡಾಟದಲ್ಲಿ.

ಹಬೆಯಲ್ಲಿ ಬೆಂದಾಗ ಈ ಜೀವಿಗಳು ಸಾಯುತ್ತವೆ, ನಿಜ. ಆದರೆ ಅವು ಮಾಡಿಟ್ಟ ಕೆಲಸ ಉಳಿಯುತ್ತದೆ: ಕಬ್ಬಿಣ, ಸತುವಿನಂಥ ಖನಿಜಗಳನ್ನು ಕಟ್ಟಿಹಾಕುವ ಫೈಟೇಟ್ ಹುದುಗುವಾಗಲೇ ಕಡಿಮೆಯಾಗಿರುತ್ತದೆ.

ಜೀವಂತ ಬ್ಯಾಕ್ಟೀರಿಯಾ ಕರುಳಿಗೆ ಇಳಿಯಬೇಕೆಂದರೆ ಮೊಸರು, ಮಜ್ಜಿಗೆಯೇ ಸರಿ. 2021ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 36 ಆರೋಗ್ಯವಂತರ ಮೇಲೆ ಪ್ರಯೋಗ ನಡೆಸಿದರು. ಮೊಸರು, ಕಿಮ್ಚಿಯಂಥ ಹುದುಗಿದ ಆಹಾರವನ್ನು 10 ವಾರ ಹೆಚ್ಚಾಗಿ ತಿಂದವರ ಕರುಳಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು. ರಕ್ತದಲ್ಲಿ ಉರಿಯೂತ ಸೂಚಿಸುವ 19 ಪ್ರೋಟೀನುಗಳು ತಗ್ಗಿದವು. ಪ್ರಯೋಗ ಚಿಕ್ಕದು, ಅದನ್ನೇ ಸರ್ವರೋಗ ಪರಿಹಾರ ಎನ್ನಲಾಗದು. ಊಟದ ಕೊನೆಗೆ ಮಜ್ಜಿಗೆ ಬೇಕೇಬೇಕೆನ್ನುವವರ ಹಟಕ್ಕೆ ಅಷ್ಟು ಬೆಂಬಲ ಧಾರಾಳ ಸಾಕು.